ಒಂದು ಮಾರು ಜಾಗ ಬೇಡಿ: ನನ್ನ ಬೆನ್ನ ಹಿಂದೆ ಬರುವ ಚಾಲಕ ಮಹಾಶಯರಿಗೆ

ಲಾರಿ, ಬಸ್ಸು, ಟಿಪ್ಪರ್, ಟೆಂಪೊ, ಕಾರು, ಕಬ್ಬಿನ ಟ್ರ್ಯಾಕ್ಟರ್, ಇವುಗಳಲ್ಲಿ ಯಾವುದನ್ನೇ ನಡೆಸಿಕೊಂಡು ನನ್ನ ಬೆನ್ನ ಹಿಂದೆ ದಯಮಾಡಿಸುವ ಸಮಸ್ತ ಚಾಲಕ ಮಹಾಶಯರ ಸನ್ನಿಧಾನಕ್ಕೆ, ನಂಜನಗೂಡು ತಾಲ್ಲೂಕು ಚಿಕ್ಕಯ್ಯನಛತ್ರ ಹೋಬಳಿಯ ಒಬ್ಬ ಸೈಕಲ್ ಸವಾರನು ಕೈಮುಗಿದು ಮಾಡಿಕೊಳ್ಳುವ ಅರಿಕೆ.

ಉಭಯ ಕುಶಲೋಪರಿ ಸಾಂಪ್ರತ. ನಮ್ಮ ತಂದೆ ಯಾವ ಕಾಗದ ಬರೆದರೂ ಹೀಗೇ ಶುರು ಮಾಡುತ್ತಿದ್ದರು. ಇತ್ತ ನಾವೆಲ್ಲ ಕ್ಷೇಮ, ಅತ್ತ ತಮ್ಮ ಕ್ಷೇಮಕ್ಕೆ ಬರೆಸುವುದು. ಚಿಕ್ಕವನಿದ್ದಾಗ ಇದು ಬರೀ ರೂಢಿಯ ಮಾತು ಅಂದುಕೊಂಡಿದ್ದೆ. ಹೆದ್ದಾರಿಯಲ್ಲಿ ಸೈಕಲ್ ತುಳಿಯಲು ಶುರು ಮಾಡಿದ ಮೇಲೆ ಆ ಮಾತಿನ ತೂಕ ತಿಳಿಯಿತು. ಇವತ್ತು ಎರಡನೇ ಶಿಫ್ಟ್ ಮುಗಿಸಿ ರಾತ್ರಿ ಹತ್ತೂ ಮುಕ್ಕಾಲಿಗೆ ಮನೆ ಸೇರಿದೆ. ಸೈಕಲ್ಲನ್ನು ಜಗುಲಿಗೆ ಒರಗಿಸಿ, ಕೈಕಾಲು ತೊಳೆದು, ಮುದ್ದೆ ಉಂಡು, ಈ ಕಾಗದ ಬರೆಯಲು ಕೂತಿದ್ದೇನೆ. ಆದ್ದರಿಂದ ಕ್ಷೇಮ ಎಂದು ಬರೆಯಬಲ್ಲೆ. ಈ ಕ್ಷೇಮದಲ್ಲಿ ತಮ್ಮ ಪಾಲೂ ಇದೆ. ಇವತ್ತು ದಾರಿಯಲ್ಲಿ ನನ್ನನ್ನು ದಾಟಿ ಮುಂದೆ ಹೋದ ಪ್ರತಿಯೊಬ್ಬರೂ ಅದಕ್ಕೆ ಕಾರಣ. ಮೊದಲು ಅದಕ್ಕೆ ವಂದನೆ.

ಮೂವತ್ತು ವರ್ಷಕ್ಕೂ ಮೇಲಾಯಿತು, ತಾವು ನನ್ನ ಬೆನ್ನು ನೋಡುತ್ತಿದ್ದೀರಿ. ನಾನು ತಮ್ಮ ಮುಖ ನೋಡಿಲ್ಲ, ಸದ್ದು ಮಾತ್ರ ಬಲ್ಲೆ. ಖಾಲಿ ಟಿಪ್ಪರ್ ಬಂದರೆ ಹಿಂಬಾಗಿಲು ಗಡಗಡ ಅನ್ನುತ್ತದೆ. ಲೋಡಾದ ಲಾರಿ ಏರಿನಲ್ಲಿ ಗೇರ್ ಇಳಿಸುವಾಗ ಒಂದು ಗಳಿಗೆ ಉಸಿರು ಹಿಡಿದ ಹಾಗೆ ಸುಮ್ಮನಾಗಿ ಆಮೇಲೆ ಗುಡುಗುತ್ತದೆ. ಹಳೆಯ ಬಸ್ಸಾದರೆ ಕಿಟಕಿಯ ಗಾಜುಗಳು ಮುಂಚಿತವಾಗಿಯೇ ಹೇಳುತ್ತವೆ. ಕಾರು ಬರುವುದು ಟೈರಿನ ಸದ್ದಿನಲ್ಲಿ. ಈಚೆಗೆ ಬಂದಿರುವ ಬ್ಯಾಟರಿ ಕಾರುಗಳಿಗೆ ಆ ಸದ್ದೂ ಕಡಿಮೆ, ಗಾಳಿ ಕೆನ್ನೆಗೆ ತಾಕಿದ ಮೇಲೇ ಗೊತ್ತಾಗುವುದು. ಸೈಕಲ್ ಸವಾರನಿಗೆ ಬೆನ್ನಿನಲ್ಲಿ ಕಣ್ಣಿಲ್ಲ, ಕಿವಿಯೇ ಕಣ್ಣು. ಆ ಕಿವಿಯನ್ನು ತಾವು ಹೇಗೆ ನಡೆಸಿಕೊಳ್ಳುತ್ತೀರಿ ಎಂಬುದರಿಂದಲೇ ನನ್ನ ದೂರು ಶುರುವಾಗುತ್ತದೆ, ತಾವು ಅಪ್ಪಣೆ ಕೊಟ್ಟರೆ.

ತಾವು ಹಾರ್ನ್ ಮಾಡುತ್ತೀರಿ. ಅದಕ್ಕೆ ನಾನು ಕೃತಜ್ಞ, ನಿಜವಾಗಿಯೂ ಕೃತಜ್ಞ. ಇನ್ನೂರು ಅಡಿ ಹಿಂದಿನಿಂದ ಒಮ್ಮೆ ಮೆಲ್ಲಗೆ ಪೀಂ ಎಂದರೆ, ಬರುತ್ತಿದ್ದೇನೆ ಕಣಣ್ಣಾ ಎಂದು ಹೇಳಿದ ಹಾಗೆ. ನಾನು ಹ್ಯಾಂಡಲ್ ಬಿಗಿ ಹಿಡಿದು, ಗುಂಡಿ ಇದ್ದರೆ ಮೊದಲೇ ತಪ್ಪಿಸಿಕೊಂಡು, ಎಡಕ್ಕೆ ಸರಿಯುತ್ತೇನೆ. ಆದರೆ ಮಹಾಶಯರೇ, ನನ್ನ ಹಿಂಚಕ್ರದ ಪಕ್ಕಕ್ಕೆ ಬಂದ ಮೇಲೆ ಏರ್ ಹಾರ್ನ್ ಒತ್ತಿದರೆ ಅದು ಎಚ್ಚರಿಕೆಯಾಗಿ ಉಳಿಯುವುದಿಲ್ಲ, ಏಟಾಗುತ್ತದೆ. ಮೈ ತಾನಾಗಿ ಬೆಚ್ಚುತ್ತದೆ, ಬೆಚ್ಚಿದ ಕೈಯಲ್ಲಿ ಹ್ಯಾಂಡಲ್ ಇರುತ್ತದೆ. ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋಗುವವರನ್ನು, ಹುಲ್ಲಿನ ಹೊರೆ ಹಿಂದಿಟ್ಟುಕೊಂಡು ಬರುವ ಮುದುಕರನ್ನು ನೋಡಿ. ಅವರು ಬೆಚ್ಚಿದರೆ ಹೊರೆ ಒಂದು ಕಡೆ ವಾಲುತ್ತದೆ, ವಾಲಿದ ಕಡೆಗೇ ಸೈಕಲ್ಲು ಬೀಳುತ್ತದೆ. ಅದು ಬಲಗಡೆಯಾದರೆ ಬೀಳುವುದು ತಮ್ಮ ಚಕ್ರದ ಮುಂದಕ್ಕೆ. ಹಾರ್ನ್ ದೂರದಲ್ಲೇ ಆಗಲಿ, ಒಂದೇ ಸಲ ಆಗಲಿ ಎಂಬುದು ನನ್ನ ಮೊದಲನೆಯ ಬೇಡಿಕೆ.

ಎರಡನೆಯದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅದೇ ಈ ಕಾಗದದ ಜೀವ. ತಾವು ನನ್ನನ್ನು ದಾಟುವಾಗ ನನ್ನ ಮೊಣಕೈಗೂ ತಮ್ಮ ಬಾಡಿಗೂ ನಡುವೆ ಎಷ್ಟು ಜಾಗ ಇರುತ್ತದೆ ಎಂದು ಯಾವತ್ತಾದರೂ ಗಮನಿಸಿದ್ದೀರಾ? ಎಷ್ಟೋ ಸಲ ಒಂದು ಗೇಣು. ತಮ್ಮ ಲೆಕ್ಕದಲ್ಲಿ ಅದು ಸರಿ: ತಗುಲಲಿಲ್ಲ, ದಾಟಿದೆ, ಮುಗಿಯಿತು. ನನ್ನ ಲೆಕ್ಕ ಬೇರೆ. ದೊಡ್ಡ ವಾಹನ ಪಕ್ಕಕ್ಕೆ ಬಂದಾಗ ಗಾಳಿ ಮೊದಲು ನನ್ನನ್ನು ಆಚೆಗೆ ತಳ್ಳುತ್ತದೆ, ದಾಟಿದ ಕೂಡಲೇ ಈಚೆಗೆ ಎಳೆಯುತ್ತದೆ. ತಳ್ಳುವುದನ್ನು ತಡೆಯಲು ನಾನು ಬಲಕ್ಕೆ ಭಾರ ಹಾಕಿರುತ್ತೇನೆ. ಅದೇ ಹೊತ್ತಿಗೆ ಎಳೆತ ಬಂದರೆ ನನ್ನ ಭಾರವೇ ನನ್ನನ್ನು ತಮ್ಮ ಹಿಂದಿನ ಚಕ್ರದ ಕಡೆಗೆ ಒಯ್ಯುತ್ತದೆ. ಎಡಕ್ಕೆ ಸರಿದರೆ ಆಯಿತಲ್ಲ ಅನ್ನುತ್ತೀರಿ. ಸರಿಯಲು ಅಲ್ಲಿ ಏನಿದೆ? ಬಿಳಿ ಪಟ್ಟೆಯಾಚೆ ಒಂದಡಿ ಡಾಂಬರು, ಅದರ ಮೇಲೆ ಮರಳು, ಗಾಜಿನ ಚೂರು, ಹರಿದ ಟೈರಿನ ತುಂಡು. ಅದರಾಚೆ ಡಾಂಬರು ತುಂಡಾಗಿ ನಾಲ್ಕು ಬೆರಳು ಕೆಳಗೆ ಮಣ್ಣು. ಒಂದು ಸಲ ಮುಂಚಕ್ರ ಆ ಅಂಚಿನಿಂದ ಕೆಳಗಿಳಿದರೆ ಮತ್ತೆ ಮೇಲೇರಿಸುವಾಗ ಚಕ್ರ ಅಂಚಿಗೇ ಉಜ್ಜಿ ಜಾರುತ್ತದೆ, ಸವಾರ ರಸ್ತೆಯ ಕಡೆಗೇ ಮಗುಚುತ್ತಾನೆ. ಅಂಚಿನಿಂದ ಎರಡಡಿ ಒಳಗೆ ನಾನು ತುಳಿಯುವುದು ಇದಕ್ಕೇ. ಅದನ್ನು ಕೊಬ್ಬು ಎಂದು ತಿಳಿದು, ಕಿಟಕಿಯಿಂದ ತಲೆ ಹಾಕಿ, "ರೋಡೇನು ನಿಮ್ಮಪ್ಪಂದಾ?" ಎಂದು ಕೇಳಿದವರಿದ್ದಾರೆ. ನಮ್ಮಪ್ಪನದಲ್ಲ ಸ್ವಾಮಿ. ನಮ್ಮಪ್ಪ ಇದೇ ರಸ್ತೆಯಲ್ಲಿ ಎತ್ತಿನ ಗಾಡಿ ಹೊಡೆದವರು, ಅವರಿಗೂ ಹಿಂದಿನವರು ನಡೆದೇ ಹೋದವರು. ಎಲ್ಲರ ಅಪ್ಪಂದಿರದೂ ಅಂದರೆ ಒಪ್ಪಿಕೊಳ್ಳುತ್ತೇನೆ.

ನಾನು ಬೇಡುವುದು ಒಂದು ಮಾರು. ನಂಜನಗೂಡಿನ ದೇವಸ್ಥಾನದ ಬೀದಿಯಲ್ಲಿ ಹೂ ಮಾರುವ ತಾಯಂದಿರು ಎರಡೂ ಕೈ ಚಾಚಿ ಅಳೆದು ಕೊಡುತ್ತಾರಲ್ಲ, ಅಷ್ಟು. ನನ್ನನ್ನು ದಾಟುವಾಗ ಅಷ್ಟು ಜಾಗ ಬಿಟ್ಟು ದಾಟಿ. ಎದುರಿನಿಂದ ವಾಹನ ಬರುತ್ತಿದ್ದು ಅಷ್ಟು ಜಾಗ ಸಿಗದಿದ್ದರೆ ಹತ್ತು ಸೆಕೆಂಡು ನನ್ನ ಹಿಂದೆ ನಿಧಾನವಾಗಿ ಬನ್ನಿ. ಇದು ನಾನು ಕಟ್ಟಿದ ಅಳತೆಯಲ್ಲ. ಜರ್ಮನಿಯಲ್ಲಿ 2020ರಲ್ಲಿ ಇದನ್ನು ಕಾನೂನಿನಲ್ಲೇ ಬರೆದರು: ಸೈಕಲ್ಲನ್ನು ದಾಟುವಾಗ ಊರೊಳಗೆ ಒಂದೂವರೆ ಮೀಟರ್, ಊರ ಹೊರಗೆ ಎರಡು ಮೀಟರ್. ನಮ್ಮ ಮಾರು ಇವೆರಡರ ನಡುವೆ ಬರುತ್ತದೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಸೈಕಲ್ಲಿಗೆ ಇಷ್ಟು ಅಡಿ ಬಿಡಿ ಎಂಬ ಅಳತೆ ಇಲ್ಲ. ಅಪಾಯಕರವಾಗಿ ಓಡಿಸಿದರೆ ಶಿಕ್ಷೆ ಇದೆ, ಅದು ಬರುವುದು ಅಪಾಯ ಆದ ಮೇಲೆ. ಆದ್ದರಿಂದ ಈ ಒಂದು ಮಾರನ್ನು ಕಾನೂನಿನಿಂದ ಕೇಳಲಾರೆ, ತಮ್ಮಿಂದಲೇ ಕೇಳಬೇಕು.

ತಮ್ಮ ಮುಖ ನೋಡಿಲ್ಲ ಎಂದೆ. ಒಂದು ಸಲ ನೋಡಿದ್ದೇನೆ. 2019ರ ಆಗಸ್ಟಿನಲ್ಲಿ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ಕಪಿಲೆ ಉಕ್ಕಿ ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿ ಮುಳುಗಿತ್ತು. ಸಾಲಾಗಿ ಲಾರಿ, ಕಾರು, ಬಸ್ಸು ನಿಂತವು. ಸೈಕಲ್ ಹಿಡಿದುಕೊಂಡು ನಾನೂ ನಿಂತೆ. ಎಲ್ಲರೂ ಇಳಿದು ಒಂದೇ ನೀರನ್ನು ನೋಡುತ್ತಿದ್ದೆವು. ಆವತ್ತು ಯಾರಿಗೂ ಅವಸರವಿರಲಿಲ್ಲ. ಕೊಳ್ಳೇಗಾಲದ ಕಡೆಯ ಒಬ್ಬ ಲಾರಿ ಚಾಲಕರು ಪಕ್ಕದಲ್ಲೇ ನಿಂತಿದ್ದರು. ಮಾತಿಗೆ ಮಾತು ಬಂದು, ನೀವು ಯಾಕಣ್ಣಾ ಅಷ್ಟು ಒತ್ತರಿಸಿಕೊಂಡು ಬರುತ್ತೀರಿ ಎಂದು ಕೇಳಿಯೇ ಬಿಟ್ಟೆ. ಅವರು ಕೋಪ ಮಾಡಿಕೊಳ್ಳಲಿಲ್ಲ. "ಬನ್ನಿ, ಹತ್ತಿ ನೋಡಿ" ಎಂದು ನನ್ನನ್ನು ಕ್ಯಾಬಿನ್ನಿಗೆ ಹತ್ತಿಸಿ ತಮ್ಮ ಸೀಟಿನಲ್ಲಿ ಕೂರಿಸಿದರು. ಆಮೇಲೆ ಕೆಳಗಿಳಿದು ನನ್ನ ಸೈಕಲ್ಲನ್ನು ತಳ್ಳಿಕೊಂಡು ಹೋಗಿ ಲಾರಿಯ ಎಡಗಡೆ, ಮುಂದಿನ ಚಕ್ರದ ಪಕ್ಕ ನಿಲ್ಲಿಸಿದರು. ಮೇಲಿನಿಂದ ನೋಡಿದರೆ ಸೈಕಲ್ಲೂ ಇಲ್ಲ, ಅದನ್ನು ಹಿಡಿದಿದ್ದ ಮನುಷ್ಯರೂ ಇಲ್ಲ. ಎಡಗನ್ನಡಿಯಲ್ಲಿ ಹಿಂದಿನ ಚಕ್ರ, ಲಾರಿಯ ಬಾಡಿ, ದೂರದ ರಸ್ತೆ ಕಂಡವು. ನಾನು ದಿನಾ ತುಳಿಯುವ ಜಾಗ ಮಾತ್ರ ಕಾಣಲಿಲ್ಲ. ಕೆಳಗಿನಿಂದ ಅವರ ದನಿ ಬಂತು: "ಕಾಣ್ತೀನಾ?"

ಆ ಮಹಾನುಭಾವರಿಗೆ ನಾನು ಇವತ್ತಿಗೂ ಋಣಿ. ಅವರಿಂದ ಎರಡು ಕಲಿತೆ. ನಿಂತ ಲಾರಿಯ ಎಡಬದಿಗೆ ಸೈಕಲ್ ನುಗ್ಗಿಸಬಾರದು, ಅದು ತಿರುಗಿದರೆ ಹಿಂದಿನ ಚಕ್ರ ನನ್ನ ಮೇಲೇ ಬರುತ್ತದೆ. ಎರಡನೆಯದು, ನಾನು ಕಾಣುವಂತೆ ಇರಬೇಕು. ಮಾರನೆಯ ವಾರವೇ ಹಿಂದಿನ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರ್, ಪೆಡಲ್ಲಿಗೆ ಹಳದಿ ಪಟ್ಟಿ ಅಂಟಿಸಿದೆ. ನೈಟ್ ಶಿಫ್ಟಿಗೆ ಬಿಳಿ ಅಂಗಿಯನ್ನೇ ಹಾಕುತ್ತೇನೆ. ನನ್ನ ಕಡೆಯಿಂದ ಆಗಬೇಕಾದ್ದನ್ನು ಮಾಡಿದ್ದೇನೆ. ತಮ್ಮ ಕಡೆಯಿಂದ ಒಂದು ಮಾತು ಕೇಳುತ್ತೇನೆ: ಕನ್ನಡಿಯಲ್ಲಿ ನಾನು ಮರೆಯಾದ ಕೂಡಲೇ ನಾನು ಇಲ್ಲ ಎಂದುಕೊಳ್ಳಬೇಡಿ. ಅರ್ಧ ನಿಮಿಷದ ಹಿಂದೆ ಮುಂದೆ ಇದ್ದವನು ಎಲ್ಲಿಗೂ ಹೋಗಿಲ್ಲ, ತಮ್ಮ ಎಡಗಡೆಯೇ ಇದ್ದಾನೆ. ದಾಟಿದೆ ಎಂದುಕೊಂಡು ಕೂಡಲೇ ಎಡಕ್ಕೆ ಎಳೆಯಬೇಡಿ. ಸ್ಟಾಪ್ ಬಂತೆಂದು ನನ್ನನ್ನು ದಾಟಿ ನನ್ನ ಮುಂದೆಯೇ ಬಸ್ಸು ಅಡ್ಡ ನಿಲ್ಲಿಸಬೇಡಿ. ನನ್ನ ಹಿಂದೆಯೇ ಬಂದು ನಿಲ್ಲಿಸಿದರೂ ಪ್ರಯಾಣಿಕರು ಇಳಿಯುತ್ತಾರೆ.

ರಾತ್ರಿಯ ವಿಚಾರ. ತಮ್ಮ ಹೆಡ್‌ಲೈಟು ನನಗೂ ದಾರಿ ತೋರುತ್ತದೆ ಎಂಬುದು ಸತ್ಯ. ಬೀದಿದೀಪ ಇಲ್ಲದ ಕಡೆ, ಹಿಂದಿನಿಂದ ಬರುವವರ ಬೆಳಕಿನಲ್ಲೇ ಮುಂದಿನ ಗುಂಡಿ ನೋಡಿಕೊಂಡು ಎಷ್ಟೋ ಸಲ ತುಳಿದಿದ್ದೇನೆ. ಅದಕ್ಕೆ ನಮಸ್ಕಾರ. ಎದುರಿನಿಂದ ಬರುವಾಗ ಮಾತ್ರ ದಯವಿಟ್ಟು ಡಿಮ್ ಮಾಡಿ. ಎದುರು ಕಾರು ಬಂದರೆ ಮಾಡುತ್ತೀರಿ, ಯಾಕೆಂದರೆ ಅವರೂ ತಿರುಗಿ ಹೊಡೆಯುತ್ತಾರೆ. ಸೈಕಲ್ಲಿಗೆ ತಿರುಗಿ ಹೊಡೆಯುವ ಲೈಟಿಲ್ಲ. ಕಣ್ಣು ಕತ್ತಲೆಗಟ್ಟಿ ಎಂಟು ಹತ್ತು ತುಳಿತ ಕುರುಡಾಗಿಯೇ ಹೋಗುತ್ತೇನೆ.

ಅದಕ್ಕಿಂತ ದೊಡ್ಡ ಅಪರಾಧ ಒಂದಿದೆ. ಅಪರಾಧ ಎಂಬ ಮಾತಿಗೆ ಕ್ಷಮಿಸಬೇಕು, ಮೃದುವಾದ ಮಾತು ಸಿಗಲಿಲ್ಲ. ತಿ. ನರಸೀಪುರದ ಕಡೆ ಎರಡೇ ಸಾಲಿನ ರಸ್ತೆಯಲ್ಲಿ ಎದುರಿನಿಂದ ಬರುವ ತಾವು ಮುಂದಿನ ವಾಹನವನ್ನು ಹಿಂದೆ ಹಾಕಲು ಪೂರಾ ನನ್ನ ಕಡೆಗೆ ಬರುತ್ತೀರಿ. ನಾನು ಅಲ್ಲಿದ್ದೇನೆ ಎಂದು ತಮಗೆ ಕಾಣದೆ ಅಲ್ಲ, ಕಂಡೇ ಲೈಟ್ ಹೊಡೆಯುತ್ತೀರಿ. ಅದರ ಅರ್ಥ, ಇಳಿ. ನಾನು ಇಳಿಯುತ್ತೇನೆ. ಬೇಲಿಯ ಜಾಲಿಮುಳ್ಳಿಗೆ ಅಂಗಿ ಸಿಕ್ಕಿಸಿಕೊಂಡು, ಕಾಲು ಚರಂಡಿಗೆ ಇಟ್ಟು, ಇಳಿಯುತ್ತೇನೆ. ಅಲ್ಲಿ ಬಂದದ್ದು ಕಾರಾಗಿದ್ದರೆ ತಾವು ಹಿಂದಿಕ್ಕಲು ಹೊರಡುತ್ತಲೇ ಇರಲಿಲ್ಲ. ಲೋಹ ಎದುರಿಗಿದ್ದರೆ ರಸ್ತೆ ಖಾಲಿ ಇಲ್ಲ, ಮನುಷ್ಯ ಎದುರಿಗಿದ್ದರೆ ಖಾಲಿ. ಈ ಎಣಿಕೆಯನ್ನು ಬದಲಿಸಿಕೊಳ್ಳಿ ಎಂದು ತಮ್ಮ ಕಾಲಿಗೆ ಬಿದ್ದು ಕೇಳುತ್ತೇನೆ.

ತಮಗೆ ನಿಲ್ಲಲು ಬರುವುದಿಲ್ಲ ಎಂದು ನಾನು ಒಪ್ಪುವುದಿಲ್ಲ. ಚೆನ್ನಾಗಿ ಬರುತ್ತದೆ. ಕೋಯಿಕ್ಕೋಡಿನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರ ಹಾದು ಕೊಳ್ಳೇಗಾಲ ಸೇರುವ ಈ 766ನೇ ಹೆದ್ದಾರಿಯೇ ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಆಂಬುಲೆನ್ಸಿನಂಥ ತುರ್ತು ವಾಹನ, ಕೆಲವು ಬಸ್ಸು ಬಿಟ್ಟು ಉಳಿದವರೆಲ್ಲ ಗೇಟಿನಲ್ಲಿ ನಿಲ್ಲುತ್ತೀರಿ. ಆನೆ ದಾಟಲಿ, ಜಿಂಕೆ ದಾಟಲಿ, ಹುಲಿ ದಾಟಲಿ ಎಂದು ಒಂದು ಇಡೀ ರಾತ್ರಿ. ಅದು ಒಳ್ಳೆಯ ಕೆಲಸ, ಹಾಗೇ ಇರಲಿ. ಆದರೆ ಆ ಗೇಟು ಮುಚ್ಚುವುದರೊಳಗೆ ಸೇರಿಬಿಡಬೇಕು ಎಂಬ ತಮ್ಮ ಅವಸರ ಸಂಜೆ ಏಳೂವರೆ, ಎಂಟರ ಹೊತ್ತಿಗೆ ನಮ್ಮೂರ ಮುಂದೆ ಹಾಯುತ್ತದೆ. ಓವರ್‌ಟೈಮ್ ಮುಗಿಸಿ ಆ ಹೊತ್ತಿಗೆ ಹೊರಟ ದಿನ ನನಗೆ ಕೈ ನಡುಗುತ್ತದೆ. ಕಾಡಿನ ಪ್ರಾಣಿಗಾಗಿ ನಿಲ್ಲಲು ಹೋಗುವ ದಾರಿಯಲ್ಲಿ ಊರಿನ ಮನುಷ್ಯನಿಗಾಗಿ ಸ್ವಲ್ಪ ನಿಧಾನಿಸಿ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆ ಕಂಡಾಗ ನಿಧಾನಿಸುತ್ತೀರಿ, ನಾನೇ ಕಂಡಿದ್ದೇನೆ. ಕೆಲವರು ನಿಲ್ಲಿಸಿ ನೀರಿನ ಬಾಟಲಿ ಕೊಟ್ಟದ್ದನ್ನೂ ಕಂಡಿದ್ದೇನೆ. ಡ್ಯೂಟಿಗೆ ಹೋಗುವವನೂ ಒಂದು ಹರಕೆ ಹೊತ್ತವನೇ, ಮನೆಯವರ ಹೊಟ್ಟೆಯದು.

ಸವಾರರ ತಪ್ಪನ್ನು ಮುಚ್ಚಿಟ್ಟು ಬರೆದರೆ ಈ ಕಾಗದಕ್ಕೆ ಮರ್ಯಾದೆ ಇಲ್ಲ. ಹೆದ್ದಾರಿಗೆ ಡಿವೈಡರ್ ಬಂದ ಮೇಲೆ ಎದುರಿನ ಊರಿಗೆ ಹೋಗಲು ದೂರದ ತಿರುವಿನ ತನಕ ಹೋಗಿ ಸುತ್ತಿ ಬರಬೇಕು. ಅಷ್ಟು ತುಳಿಯಲಾರದೆ ನಮ್ಮವರು ಎದುರು ದಿಕ್ಕಿನಲ್ಲೇ ಬರುತ್ತಾರೆ. ತಪ್ಪು, ಒಪ್ಪುತ್ತೇನೆ. ಡಿವೈಡರ್ ಕಟ್ಟಿದವರು ಕಾರಿನ ಮೈಲಿಯನ್ನು ಎಣಿಸಿದರು, ಮೊಣಕಾಲಿನ ಮೈಲಿಯನ್ನು ಎಣಿಸಲಿಲ್ಲ. ಅದು ಅವರಿಗೆ ಬರೆಯಬೇಕಾದ ಬೇರೆ ಕಾಗದ. ಹುಡುಗರು ಮೂವರು ಅಕ್ಕಪಕ್ಕ ಮಾತಾಡಿಕೊಂಡು ತುಳಿಯುತ್ತಾರೆ. ಒಬ್ಬೊಬ್ಬರಾಗಿ ಹಿಂದೆ ಹಿಂದೆ ಹೋಗಿ ಎಂದು ನಾನು ಕಂಡಾಗಲೆಲ್ಲ ಹೇಳುತ್ತೇನೆ. ಸುಗ್ಗಿಯಲ್ಲಿ ರಸ್ತೆಯ ಮೇಲೇ ಹುರುಳಿ ಹರಡಿ ಒಕ್ಕಣೆ ಮಾಡುತ್ತಾರೆ, ತಮ್ಮ ಚಕ್ರಗಳೇ ಕಾಳು ಬಿಡಿಸಲಿ ಎಂದು. ಅದರ ಮೇಲೆ ಕಾರೂ ಜಾರುತ್ತದೆ, ಸೈಕಲ್ಲೂ ಜಾರುತ್ತದೆ. ಕಬ್ಬಿನ ಟ್ರ್ಯಾಕ್ಟರ್ ನಡೆಸುವ ತಮ್ಮಂದಿರಿಗೂ ಇಲ್ಲೇ ಒಂದು ಮಾತು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಒಂದು ಕೆಂಪು ಬಿಲ್ಲೆಯೂ ಇಲ್ಲದೆ ಕತ್ತಲಲ್ಲಿ ಬರುತ್ತೀರಿ. ಹೊರಗೆ ಚಾಚಿದ ಕಬ್ಬಿನ ಗರಿ ಒಮ್ಮೆ ನನ್ನ ಕಣ್ಣಿನ ಕೆಳಗೆ ಗೀರಿ ಹೋಗಿದೆ. ಹೊರೆ ಕಟ್ಟುವಾಗ ಒಂದು ಸಲ ಪಕ್ಕಕ್ಕೆ ನಿಂತು ನೋಡಿ.

ನಂಜನಗೂಡಿನ ದೊಡ್ಡ ಜಾತ್ರೆಯನ್ನು ತಾವೂ ನೋಡಿರಬಹುದು. ಐದು ತೇರುಗಳಲ್ಲಿ ಶ್ರೀಕಂಠೇಶ್ವರನ ಗೌತಮ ರಥವೇ ದೊಡ್ಡದು. ಅದು ಹೊರಟಾಗ ಚಕ್ರದ ಪಕ್ಕ ನಡೆಯುವವರ ಕಣ್ಣು ದೇವರ ಕಡೆ ಇರುವುದಿಲ್ಲ, ಚಕ್ರದ ಕಡೆ ಇರುತ್ತದೆ. ಕೈಯಲ್ಲಿ ಮರದ ತುಂಡು ಹಿಡಿದಿರುತ್ತಾರೆ. ಯಾರಾದರೂ ಎಡವಿದರೆ, ಮಗು ನುಗ್ಗಿದರೆ, ಚಕ್ರಕ್ಕೆ ಅಡ್ಡ ಕೊಟ್ಟು ತಡೆಯುವುದು ಅವರ ಕೆಲಸ. ಜನಕ್ಕೆ ಹುಷಾರಾಗಿರಿ ಎಂದು ಹೇಳಿ ಅವರು ಕೈ ತೊಳೆದುಕೊಳ್ಳುವುದಿಲ್ಲ. ದೊಡ್ಡದು ಚಲಿಸುವಾಗ ಎಚ್ಚರದ ಹೊರೆ ದೊಡ್ಡದರ ಜತೆ ಇರುವವರದು, ಇದು ನಮ್ಮ ತೇರಿನ ಪದ್ಧತಿ. ಬ್ರಿಟನ್ನಿನವರು 2022ರ ಜನವರಿಯಲ್ಲಿ ತಮ್ಮ ರಸ್ತೆ ನಿಯಮದ ಪುಸ್ತಕದಲ್ಲಿ ಇದನ್ನೇ ಬರೆದುಕೊಂಡರು: ಯಾರಿಂದ ಹೆಚ್ಚು ಹಾನಿ ಆಗಬಲ್ಲದೋ ಅವರ ಹೊಣೆ ಹೆಚ್ಚು. ಕಾರಿನ ಬಾಗಿಲನ್ನು ಅದರ ಪಕ್ಕದ ಕೈಯಿಂದ ತೆರೆಯದೆ ಆಚೆ ಕೈಯಿಂದ ತೆರೆಯಿರಿ ಎಂಬ ಸಲಹೆಯೂ ಅದರಲ್ಲೇ ಇದೆ. ನಮ್ಮಲ್ಲಿ ಬಲಗಡೆ ಕೂರುವ ತಾವು ಎಡಗೈ ಚಾಚಿ ಬಾಗಿಲು ತೆರೆದರೆ ಮೈ ತಾನಾಗಿ ಹಿಂದಕ್ಕೆ ತಿರುಗುತ್ತದೆ, ಬರುತ್ತಿರುವ ಸೈಕಲ್ಲು ಕಣ್ಣಿಗೆ ಬೀಳುತ್ತದೆ. ಪೇಟೆಯಲ್ಲಿ ಅಂಗಡಿ ಮುಂದೆ ಕಾರು ನಿಲ್ಲಿಸಿ ಫಟ್ಟನೆ ಬಾಗಿಲು ತೆರೆಯುವವರಿಗೆ ಇದನ್ನು ವಿಶೇಷವಾಗಿ ಅರಿಕೆ ಮಾಡುತ್ತೇನೆ.

ನೆದರ್ಲೆಂಡ್ಸ್ ಸೈಕಲ್ಲಿನ ದೇಶ ಅನ್ನುತ್ತಾರೆ. ಅದು ಮೊದಲಿನಿಂದಲೂ ಇವತ್ತಿನ ಹಾಗೆ ಇರಲಿಲ್ಲ. 1971ರ ಒಂದೇ ವರ್ಷ ಅಲ್ಲಿ ರಸ್ತೆಯಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಆಗ ತಂದೆತಾಯಿಗಳು ಬೀದಿಗಿಳಿದರು. ಮಕ್ಕಳ ಕೊಲೆ ನಿಲ್ಲಿಸಿ ಎಂದೇ ಆ ಚಳವಳಿಗೆ ಹೆಸರಿಟ್ಟರು. ಈಗಿನ ಸೈಕಲ್ ದಾರಿಗಳು ಬಂದದ್ದು ಆ ಕೂಗಿನ ನಂತರ. ನಮ್ಮಲ್ಲಿ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಈ ಸಂಖ್ಯೆಯನ್ನು ಓದಿದ ದಿನ ನಾನೂ ಒಬ್ಬ ತಂದೆ ಎಂಬುದೇ ನೆನಪಾಯಿತು.

ಮಗಳ ವಿಷಯ ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಹೇಳುತ್ತೇನೆ. 2006-07ರಿಂದ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. ಕೊರೊನಾ ಬಂದಾಗ ಅದು ನಿಂತಿತು. ನನ್ನ ಮಗಳಿಗೆ 2014ರಲ್ಲಿ ಬಂತು. ಸೀಟು ಎತ್ತರವಾಯಿತೆಂದು ನಾನೇ ಇಳಿಸಿ ಕೊಟ್ಟೆ, ಗಂಟೆ ಕಟ್ಟಿಸಿದೆ. ಅಲ್ಲಿಯ ತನಕ ಐದು ಕಿಲೋಮೀಟರ್ ದೂರದ ಶಾಲೆಗೆ ಬಸ್ಸು ಕಾಯುತ್ತಿದ್ದ ನಾಲ್ಕು ಹೆಣ್ಣುಮಕ್ಕಳು ಒಟ್ಟಿಗೆ ತುಳಿದುಕೊಂಡು ಹೋಗುತ್ತಿದ್ದರು. ಯಾರನ್ನೂ ಕೇಳದೆ, ಯಾರಿಗೂ ಕಾಯದೆ, ತಮ್ಮ ಹೊತ್ತಿಗೆ ಹೊರಟು ತಮ್ಮ ಹೊತ್ತಿಗೆ ಬರುತ್ತಿದ್ದರು. ಅವಳು ಮನೆಗೆ ಬಂದಾಗ ಮುಖದಲ್ಲಿ ಇರುತ್ತಿದ್ದ ಗೆಲುವನ್ನು ನಾನು ಯಾವ ಹಬ್ಬದಲ್ಲೂ ಕಂಡಿಲ್ಲ. 2017ರಲ್ಲಿ ಪಿಯುಸಿಗೆ ಸೇರಿದ ಮೊದಲ ತಿಂಗಳು ಒಂದು ಟೆಂಪೊ ಒತ್ತರಿಸಿಕೊಂಡು ದಾಟುವಾಗ ಅದರ ಕನ್ನಡಿ ಅವಳ ಭುಜಕ್ಕೆ ತಾಗಿತು. ಬಿದ್ದದ್ದು ಮಣ್ಣಿನ ಕಡೆಗೆ. ಕೈ ಮುರಿಯಿತು, ಜೀವ ಉಳಿಯಿತು. ಟೆಂಪೊ ನಿಲ್ಲಲಿಲ್ಲ. ನಡೆಸುತ್ತಿದ್ದವರಿಗೆ ತಾಗಿದ್ದು ಗೊತ್ತಾಯಿತೋ ಇಲ್ಲವೋ, ಮಡಚಿಕೊಂಡ ಕನ್ನಡಿಯನ್ನು ಮುಂದೆ ಎಲ್ಲೋ ಸರಿ ಮಾಡಿಕೊಂಡಿರಬೇಕು.

ಕೈ ಕೂಡಿತು. ಸೈಕಲ್ ಬೇಡ ಎಂದು ಹೇಳಿದವನು ನಾನೇ. ಅವಳು ಅಳಲಿಲ್ಲ, ವಾದಿಸಲಿಲ್ಲ. "ನೀವು ಹೋಗ್ತೀರಲ್ಲಪ್ಪ" ಎಂದಳು, ಅಷ್ಟೇ. ನಾನು ಹೋಗುವುದು ಬೇರೆ ದಾರಿ ಇಲ್ಲದೆ. ಬೆಳಗಿನ ಶಿಫ್ಟಿಗೆ ಐದೂಕಾಲಿಗೆ ನಮ್ಮೂರಿನಿಂದ ಬಸ್ಸಿಲ್ಲ. ಅವಳಿಗೆ ಬಸ್ಸಿತ್ತು, ಬಸ್ಸಿಗೆ ಕಾಯುತ್ತ ನಿಂತಳು. ಸಂಜೆಯ ಸ್ಪೆಷಲ್ ಕ್ಲಾಸು ಮುಗಿದ ಮೇಲೆ ಬಸ್ಸಿಲ್ಲವೆಂದು ಆ ಕ್ಲಾಸನ್ನೂ ಬಿಟ್ಟಳು. ಸೈಕಲ್ಲು ಸೂರಿನ ಅಡಿ ತೂಗುಹಾಕಿದೆ, ಟೈರು ಸೀಳಿದೆ, ಗಂಟೆ ಮಾತ್ರ ಬಾರಿಸಿದರೆ ಈಗಲೂ ಸದ್ದು ಮಾಡುತ್ತದೆ. ಚಾಲಕ ಮಹಾಶಯರೇ, ತಾವು ಕೊಡದೆ ಹೋದ ಒಂದು ಮಾರು ಜಾಗ ಎಂದರೆ ನಮ್ಮ ಮನೆಯಲ್ಲಿ ಇಷ್ಟು.

ನಿಂತವರನ್ನೂ ನೆನೆಯದೆ ಇರಲಾರೆ. ಅವಳನ್ನು ಎತ್ತಿ ನಂಜನಗೂಡಿನ ಆಸ್ಪತ್ರೆಗೆ ಕರೆದುಕೊಂಡು ಹೋದವರೂ ತಮ್ಮಲ್ಲೇ ಒಬ್ಬರು, ತರಕಾರಿ ತುಂಬಿದ ಗೂಡ್ಸ್ ಗಾಡಿಯವರು. ಹೆಸರು ಕೇಳಿದರೆ ಹೇಳಲಿಲ್ಲ, ಪೊಲೀಸು ಸಾಕ್ಷಿ ಎಂದು ಅಲೆಸುತ್ತಾರೆ ಎಂಬ ಹೆದರಿಕೆ. ಈಗ ಆ ಹೆದರಿಕೆ ಬೇಡ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಂ ಸೇರಿದೆ, ಗಾಯಾಳುವಿಗೆ ನೆರವಾದವರಿಗೆ ಅದು ರಕ್ಷಣೆ ಕೊಡುತ್ತದೆ. ಅದಕ್ಕೂ ಮೊದಲಿನಿಂದ 134ನೇ ಕಲಂ ಇದೆ: ಗಾಯ ಮಾಡಿದ ವಾಹನದ ಚಾಲಕನೇ ಚಿಕಿತ್ಸೆ ಕೊಡಿಸಲು ಮುಂದಾಗಬೇಕು. ಗುದ್ದಿ ಓಡಿಹೋದ ಪ್ರಕರಣಗಳಲ್ಲಿ 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರ ನಿಗದಿಯಾಗಿದೆ. ಓಡುವವರು ಈ ಲೆಕ್ಕ ನೋಡಿ ಓಡುವುದಿಲ್ಲ, ಗಾಬರಿಗೆ ಓಡುತ್ತಾರೆ. ನಿಲ್ಲಿ ಎಂದು ಬೇಡುತ್ತೇನೆ. ಬಿದ್ದವನಿಗೆ ಮೊದಲ ಒಂದು ಗಂಟೆಯಲ್ಲಿ ಸಿಗುವ ಚಿಕಿತ್ಸೆಯೇ ಜೀವ ಉಳಿಸುವುದು, ಆ ಗಂಟೆ ತಮ್ಮ ಕೈಯಲ್ಲಿರುತ್ತದೆ.

ಹೊತ್ತಾಗುತ್ತದೆ ಅನ್ನುತ್ತೀರಿ. ಲೆಕ್ಕ ಹಾಕಿದ್ದೇನೆ, ತಪ್ಪಿದ್ದರೆ ತಿದ್ದಿ. ಇಪ್ಪತ್ತೈದು ಕಿಲೋಮೀಟರ್ ದಾರಿಯನ್ನು ಎಂಬತ್ತರ ವೇಗದಲ್ಲಿ ಹೋದರೆ ಹತ್ತಿರ ಹತ್ತಿರ ಹತ್ತೊಂಬತ್ತು ನಿಮಿಷ. ಅರವತ್ತರಲ್ಲಿ ಇಪ್ಪತ್ತೈದು. ಉಳಿಯುವುದು ಆರು ನಿಮಿಷ. ಎಂಬತ್ತರಲ್ಲಿ ಒಂದು ಸೆಕೆಂಡಿಗೆ ಇಪ್ಪತ್ತೆರಡು ಮೀಟರ್ ಹೋಗಿರುತ್ತೀರಿ, ಫೋನಿನತ್ತ ಒಮ್ಮೆ ಕಣ್ಣು ಹಾಯಿಸಿ ತಲೆ ಎತ್ತುವುದರೊಳಗೆ ನಾನಿದ್ದ ಜಾಗ ದಾಟಿರುತ್ತದೆ. ಆ ಆರು ನಿಮಿಷ ತಮಗೆ ಬೇಕೇ ಬೇಕೆಂದರೆ ಆರು ನಿಮಿಷ ಮುಂಚೆ ಹೊರಡಿ ಎಂದು ಮಾತ್ರ ಹೇಳಬಲ್ಲೆ.

ನಮ್ಮ ಹೋಬಳಿಯ ಹೆಸರಿನಲ್ಲೇ ಛತ್ರ ಇದೆ. ಛತ್ರ ಅಂದರೆ ದಾರಿಹೋಕರು ತಂಗುವ ಮನೆ. ಅಲ್ಲಿ ಗಾಡಿಯಲ್ಲಿ ಬಂದವರಿಗೊಂದು ಜಗುಲಿ, ನಡೆದು ಬಂದವರಿಗೊಂದು ಜಗುಲಿ ಎಂದಿರಲಿಲ್ಲ, ಮೊದಲು ಬಂದವರು ಸ್ವಲ್ಪ ಸರಿದು ಕೂತು ಆಮೇಲೆ ಬಂದವರಿಗೆ ಜಾಗ ಕೊಡುತ್ತಿದ್ದರು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಇಲ್ಲಿ ಕಾಗದದ ಕಾರ್ಖಾನೆ ಬಂತು, ತಾಂಡವಪುರದ ಕಡೆ ಇನ್ನೂ ಎಷ್ಟೋ ಕಾರ್ಖಾನೆ ಬಂದವು, ರಸ್ತೆ ಅಗಲವಾಯಿತು. ಅಗಲವಾದಷ್ಟೂ ನನ್ನ ಪಾಲಿನ ಅಂಚು ಸಣ್ಣದಾಯಿತು. ಹಿಂದೆ ಸೈಕಲ್ಲಿಗೂ ಲೈಸೆನ್ಸ್ ಬಿಲ್ಲೆ ಇತ್ತು, ದೀಪವಿಲ್ಲದೆ ಹೋದರೆ ಪೊಲೀಸರು ಹಿಡಿಯುತ್ತಿದ್ದರು, ಡಬಲ್ ರೈಡಿಗೆ ಗಾಳಿ ಬಿಡುತ್ತಿದ್ದರು. ಅಂದರೆ ರಸ್ತೆಯಲ್ಲಿ ನಾವೂ ಇದ್ದೇವೆ ಎಂದು ಸರ್ಕಾರಕ್ಕೆ ನೆನಪಿತ್ತು. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಎಂದು 450 ಬಾಡಿಗೆ ಸೈಕಲ್ ಇಟ್ಟಾಗ ನಾನು ರಜೆ ಹಾಕಿ ನೋಡಲು ಹೋಗಿದ್ದೆ. ಅರಮನೆಯ ಹತ್ತಿರ ಸೂಟು ತೊಟ್ಟ ಒಬ್ಬರು ಅದನ್ನು ತುಳಿಯುತ್ತಿದ್ದರು, ಹಿಂದಿನ ಕಾರಿನವರು ಹಾರ್ನ್ ಮಾಡದೆ ಕಾಯುತ್ತಿದ್ದರು. ಲುಂಗಿಯುಟ್ಟು ಹುಲ್ಲು ಹೊತ್ತವರ ಹಿಂದೆಯೂ ಹಾಗೇ ಕಾಯಬೇಕೆಂದು ತಮ್ಮನ್ನು ಕೇಳಿಕೊಳ್ಳುತ್ತೇನೆ.

ನಾಳೆ ನನಗೆ ಮತ್ತೆ ಎರಡನೇ ಶಿಫ್ಟ್. ನಾಡಿದ್ದು ಸೋಮವಾರದಿಂದ ಬೆಳಗಿನದು. ಐದೂಕಾಲಿಗೆ ಮನೆ ಬಿಟ್ಟು ಐದೂವರೆಗೆ ಹೆದ್ದಾರಿಯಲ್ಲಿರುತ್ತೇನೆ. ಆ ಹೊತ್ತಿಗೆ ಇನ್ನೂ ಕತ್ತಲು, ಕೆಲವು ದಿನ ಮಂಜು. ಬಿಳಿ ಅಂಗಿ, ಹ್ಯಾಂಡಲ್ಲಿಗೆ ನೇತುಹಾಕಿದ ಊಟದ ಚೀಲ, ಹಿಂದೆ ಒಂದು ಕೆಂಪು ಚುಕ್ಕಿ. ದೂರದಿಂದ ಒಂದು ಸಲ ಹಾರ್ನ್ ಮಾಡಿ. ನಾನು ತಿರುಗಿ ನೋಡಲು ಆಗುವುದಿಲ್ಲ, ತಾವು ಒಂದು ಮಾರು ಬಿಟ್ಟು ದಾಟಿದ ಕೂಡಲೇ ಬಲಗೈ ಎತ್ತುತ್ತೇನೆ. ತಮ್ಮ ಕನ್ನಡಿಯಲ್ಲಿ ಅದು ಕಂಡೀತು.

ಇತಿ ತಮ್ಮ ವಿಧೇಯ,
ಎಡಬದಿಯ ಸೈಕಲ್ ಸವಾರ